ಶೋಕೇಸಿನ ತಟ್ಟೆ ಊಟದ ಮೇಜಿಗೆ ಬರುವ ಮುನ್ನ

ಮಂಗಳೂರಿನ ಮನೆಗಳಲ್ಲಿ ಒಂದು ವಿಚಿತ್ರ ಉಂಟು. ಈ ಊರಿನ ಹೆಸರು ಹೊತ್ತ ಹೆಂಚು ಹಡಗು ಹತ್ತಿ ದೇಶ ದೇಶಕ್ಕೆ ಹೋಯಿತು. ಆದರೆ ಅದೇ ಹೆಂಚಿನ ಮಾಡಿನಡಿ, ಚಾವಡಿಯ ಗಾಜಿನ ಕಪಾಟಿನಲ್ಲಿ ಕೂತ ಪಿಂಗಾಣಿ ತಟ್ಟೆ ಮಾತ್ರ ಹೊರಗಿನಿಂದಲೇ ಬಂದದ್ದು. ಇಂಗ್ಲೆಂಡಿನದ್ದು, ಜಪಾನಿನದ್ದು, ಆಮೇಲೆ ಅಮೆರಿಕದ್ದು. ನೆಂಟರು ಬಂದರೆ ಹೊರಗೆ ಬರುವ, ಅವರು ಹೋದ ಕೂಡಲೇ ತೊಳೆದು ಒರೆಸಿ ಒಳಗೆ ಸೇರುವ ಈ ತಟ್ಟೆಗಳನ್ನು ‘ಫಾರಿನ್ ಪ್ಲೇಟು’ ಅಂತ ಕರೆಯುತ್ತಾ ನಾವು ಬೆಳೆದೆವು.

ನಾನು ಈ ಫಾರಿನ್ ಪ್ಲೇಟುಗಳ ಪೈಕಿ ಅಮೆರಿಕದವನ್ನು ಕೂಡಿಡುವವನು. ದೊಡ್ಡ ಸಂಗ್ರಹವೇನಲ್ಲ, ಒಂದು ಕಪಾಟು ತುಂಬುವಷ್ಟು. ಹಿಂದೆ ಈ ಹುಚ್ಚನ್ನು ಹೇಳಿಕೊಂಡರೆ ಜನ ನಗುತ್ತಿದ್ದರು. ಈಗ ಹಾಗಿಲ್ಲ. ಹಳೆಯ ತಟ್ಟೆ, ಹಳೆಯ ಕಪ್ಪು ಅಂದರೆ ಫ್ಯಾಶನ್. ಹೋಮ್‌ಸ್ಟೇಯವರು ಕೇಳುತ್ತಾರೆ, ಕೆಫೆಯವರು ಕೇಳುತ್ತಾರೆ, ಮನೆ ಹೊಸದು ಮಾಡಿದವರು ಅಜ್ಜಿಯ ಕಪಾಟಿನಿಂದ ತೆಗೆದು ದಿನದ ಊಟಕ್ಕೇ ಬಳಸುತ್ತಾರೆ. ವರ್ಷಕ್ಕೆ ಎರಡು ಸಲ ಹೊರಬರುತ್ತಿದ್ದದ್ದು ಈಗ ದಿನಕ್ಕೆ ಎರಡು ಸಲ ಹೊರಬರುತ್ತಿದೆ.

ಈ ಬದಲಾವಣೆಯೇ ನನಗೆ ಸ್ವಲ್ಪ ಚಿಂತೆ ಹುಟ್ಟಿಸಿರುವುದು. ಹೇಳಬೇಕಾದ ಮಾತು ಇಷ್ಟೇ: ಸಂಗ್ರಹಿಸಿ, ಸಂತೋಷ. ಆದರೆ ನೋಡುವ ತಟ್ಟೆ ಬೇರೆ, ಉಣ್ಣುವ ತಟ್ಟೆ ಬೇರೆ. ಹಳೆಯ ತಟ್ಟೆಯ ಹೊಳಪಿನಲ್ಲಿ ಸೀಸ ಇರಬಹುದು. ಸೀಸವನ್ನು ಹೊರಗೆಳೆಯುವುದು ಹುಳಿ. ನಮ್ಮ ಕರಾವಳಿಯ ಅಡುಗೆಯೋ, ಹುಳಿಯಿಲ್ಲದೆ ನಡೆಯುವುದೇ ಇಲ್ಲ.

ತಟ್ಟೆ ಬಂದ ದಾರಿ

ಅಮೆರಿಕದ ತಟ್ಟೆ ಮಂಗಳೂರಿಗೆ ಹೇಗೆ ಬಂತು? ಬಹುಪಾಲು ಸೂಟ್‌ಕೇಸಿನಲ್ಲಿ. 1970ರ ದಶಕದ ನಂತರ ಕುವೈತ್, ಬಹರೈನ್, ದುಬೈ ಅಂತ ಹೊರಟ ನಮ್ಮವರು ರಜೆಗೆ ಬರುವಾಗ ಸೆಂಟು, ಟೇಪ್ ರೆಕಾರ್ಡರ್, ಕಂಬಳಿಗಳ ಜೊತೆ ಊಟದ ಸೆಟ್ಟನ್ನೂ ತಂದರು. ಹಡಗಿನ ಕೆಲಸಕ್ಕೆ ಹೋದವರೂ ತಂದರು. ಅಮೆರಿಕದಲ್ಲೇ ನೆಲೆಸಿದವರು ಆಮೇಲೆ ತಂದರು.

ಸೂಟ್‌ಕೇಸಿನಲ್ಲಿ ಬಂದದ್ದರಿಂದ ಯಾವ ತಟ್ಟೆ ಬರಬಹುದು ಎಂಬುದನ್ನೂ ಸೂಟ್‌ಕೇಸೇ ತೀರ್ಮಾನಿಸಿತು. ಭಾರದ್ದು ಬರಲಿಲ್ಲ, ಬೇಗ ಒಡೆಯುವುದು ಬರಲಿಲ್ಲ. ಬಂದದ್ದು ಹೆಚ್ಚಾಗಿ ಕಾರ್ನಿಂಗ್ ಕಂಪನಿಯ ಎರಡು ಮಾಲು: ಕೊರೆಲ್ ಮತ್ತು ಕಾರ್ನಿಂಗ್‌ವೇರ್. ಕೊರೆಲ್ 1970ರಲ್ಲಿ ಮಾರುಕಟ್ಟೆಗೆ ಬಂತು. ತೆಳ್ಳಗೆ, ಹಗುರ, ಒಂದರ ಮೇಲೊಂದು ಪೇರಿಸಿದರೆ ಜಾಗವೇ ಬೇಡ, ಕೈಜಾರಿದರೂ ಬೇಗ ಒಡೆಯುವುದಿಲ್ಲ. ಅಂಚಿನಲ್ಲಿ ಹಸಿರು ಪುಟ್ಟ ಹೂವಿನ ಅಥವಾ ಹೊಂಬಣ್ಣದ ಚಿಟ್ಟೆಯ ಚಿತ್ತಾರವಿದ್ದರೆ ಅದು ಆ ಮೊದಲ ಕಾಲದ ವಿನ್ಯಾಸ. ಇದನ್ನು ಎಲ್ಲರೂ ಪಿಂಗಾಣಿ ಅಂತಾರೆ. ನಿಜಕ್ಕೂ ಅದು ಪದರ ಪದರವಾಗಿ ಬೆಸೆದ ಗಾಜು.

ಕಾರ್ನಿಂಗ್‌ವೇರ್‌ನ ಕಥೆ ಇನ್ನೂ ಚಂದ. 1953ರಲ್ಲಿ ಆ ಕಂಪನಿಯ ವಿಜ್ಞಾನಿ ಡೊನಾಲ್ಡ್ ಸ್ಟೂಕಿ ಒಂದು ಗಾಜಿನ ತುಂಡನ್ನು 600 ಡಿಗ್ರಿಯಲ್ಲಿ ಕಾಯಿಸಲು ಕುಲುಮೆಗೆ ಇಟ್ಟರು. ಕುಲುಮೆ ಕೆಟ್ಟು 900 ಡಿಗ್ರಿಗೆ ಏರಿತು. ಗಾಜು ಕರಗಿ ನೀರಾಗಿರಬೇಕು ಅಂದುಕೊಂಡರೆ, ಅದು ಹಾಲಿನಂತೆ ಬೆಳ್ಳಗಾಗಿ ಗಟ್ಟಿಯಾಗಿತ್ತು. ಇಕ್ಕಳದಿಂದ ಜಾರಿ ನೆಲಕ್ಕೆ ಬಿತ್ತು, ಒಡೆಯಲಿಲ್ಲ. ಗಾಜು ಅರ್ಧ ಪಿಂಗಾಣಿಯಾಗಿ ಬದಲಾಗಿತ್ತು. 1958ರಲ್ಲಿ ಅದೇ ವಸ್ತು, ಹೊರಮೈಯಲ್ಲಿ ಮೂರು ನೀಲಿ ಹೂವಿನ ಚಿತ್ರದೊಂದಿಗೆ, ಅಡುಗೆ ಪಾತ್ರೆಯಾಗಿ ಬಂತು. ಗಲ್ಫ್ ನಂಟಿರುವ ಮನೆಗಳ ಅಡುಗೆಕೋಣೆಯಲ್ಲಿ ಒಮ್ಮೆ ಹುಡುಕಿ ನೋಡಿ, ಬಿರಿಯಾನಿಗೋ ಪುಡಿಂಗಿಗೋ ಇಟ್ಟ ಆ ನೀಲಿ ಹೂವಿನ ಡಬ್ಬಿ ಸಿಕ್ಕರೂ ಸಿಕ್ಕೀತು.

ಸಂಗ್ರಹಗಾರರು ಹುಡುಕುವ ದಪ್ಪ ಅಮೆರಿಕನ್ ತಟ್ಟೆಗಳು, ಅಂದರೆ ಫಿಯೆಸ್ಟಾ, ಫ್ರಾನ್ಸಿಸ್ಕನ್, ರಸೆಲ್ ರೈಟ್ ವಿನ್ಯಾಸದ ‘ಅಮೆರಿಕನ್ ಮಾಡರ್ನ್’, ಇವು ಇಲ್ಲಿಗೆ ಬಂದದ್ದು ಕಮ್ಮಿ. ಈಗ ಆನ್‌ಲೈನಿನಲ್ಲಿ, ಇಲ್ಲವೇ ಅಮೆರಿಕದ ಮನೆ ಖಾಲಿ ಮಾಡಿ ಊರಿಗೆ ಮರಳುವವರ ಪೆಟ್ಟಿಗೆಯಲ್ಲಿ ಬರುತ್ತಿವೆ.

ಎರಡು ನದಿಯ ಊರುಗಳು

ಮಂಗಳೂರಿನಲ್ಲಿ ಇಷ್ಟು ಹೆಂಚಿನ ಕಾರ್ಖಾನೆ ಇದ್ದೂ ತಟ್ಟೆ ಯಾಕೆ ಆಗಲಿಲ್ಲ? ಉತ್ತರ ಮಣ್ಣಿನಲ್ಲಿದೆ. ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಇಲ್ಲಿ ಹೆಂಚಿನ ಕಾರ್ಖಾನೆ ಶುರುಮಾಡಿದಾಗ ನೆಚ್ಚಿಕೊಂಡದ್ದು ನೇತ್ರಾವತಿ, ಫಲ್ಗುಣಿ ನದಿಗಳ ದಡದ ಜೇಡಿಮಣ್ಣನ್ನು. ಅದರಲ್ಲಿ ಕಬ್ಬಿಣದ ಅಂಶ ಜಾಸ್ತಿ, ಸುಟ್ಟರೆ ಕೆಂಪಾಗುತ್ತದೆ. ಮಾಡಿಗೆ ಅದು ಭೇಷ್. ಬಿಳಿ ತಟ್ಟೆಗೆ ಬೇಕಾದದ್ದು ಕೆಯೊಲಿನ್ ಎಂಬ ಬಿಳಿ ಜೇಡಿ, ಹೆಂಚಿನ ಗೂಡಿಗಿಂತ ಬಹಳ ಹೆಚ್ಚಿನ ಬಿಸಿ ಮತ್ತು ಮೇಲೆ ಗಾಜಿನಂಥ ಗ್ಲೇಜು.

ಅಮೆರಿಕದಲ್ಲೂ ಹೀಗೇ ನದಿಯ ದಡದಲ್ಲಿ ಬೆಳೆದ ಮಣ್ಣಿನ ಊರೊಂದಿದೆ. ಒಹಾಯೊ ನದಿಯ ಈಸ್ಟ್ ಲಿವರ್‌ಪೂಲ್. ಇಂಗ್ಲೆಂಡಿನಿಂದ ಬಂದ ಜೇಮ್ಸ್ ಬೆನೆಟ್ 1839ರಲ್ಲಿ ಅಲ್ಲಿ ಮೊದಲ ಕುಂಬಾರಿಕೆ ಹಾಕಿದ. ಆಮೇಲೆ ಕಾರ್ಖಾನೆಗಳ ಸಾಲೇ ಎದ್ದಿತು. ಅಲ್ಲಿ ಶುರುವಾದ ಹೋಮರ್ ಲಾಫ್ಲಿನ್ ಕಂಪನಿ ಆಮೇಲೆ ನದಿ ದಾಟಿ ವೆಸ್ಟ್ ವರ್ಜೀನಿಯಾದ ನ್ಯೂವೆಲ್‌ಗೆ ಹೋಯಿತು. ಫಿಯೆಸ್ಟಾ ಹುಟ್ಟಿದ್ದು ಅಲ್ಲಿ, 1936ರಲ್ಲಿ. ವಿನ್ಯಾಸ ಫ್ರೆಡೆರಿಕ್ ಹರ್ಟನ್ ರೀಡ್ ಅವರದು. ಹೂಬಳ್ಳಿ ಯಾವುದೂ ಇಲ್ಲ, ಅಂಚಿಗೆ ವರ್ತುಲದ ಗೆರೆಗಳು, ಗಾಢ ಬಣ್ಣ, ಅಷ್ಟೇ. ಆರ್ಥಿಕ ಕುಸಿತದ ಕಾಲದಲ್ಲಿ ಇಡೀ ಸೆಟ್ಟು ಕೊಳ್ಳಲಾಗದವರು ಒಂದೊಂದೇ ಬಿಡಿ ತಟ್ಟೆ ಕೊಂಡು, ಬಣ್ಣ ಬೆರೆಸಿ ಮೇಜು ತುಂಬಿಸಬಹುದಿತ್ತು. ಬಡವರ ಮನೆಗೆ ಬಣ್ಣ ತಂದ ತಟ್ಟೆ ಅದು. ಈಗ ಅದಕ್ಕೆ ಸಂಗ್ರಹಗಾರರು ಮುಗಿಬೀಳುತ್ತಾರೆ.

ತಟ್ಟೆಯ ಬೆನ್ನು ಓದುವುದು

ಸಂಗ್ರಹದ ಮೊದಲ ಪಾಠ: ತಟ್ಟೆಯನ್ನು ಮಗುಚಿ ನೋಡಿ. ಹೆಂಚು ಕೂಡಿಡುವವರಿಗೆ ಇದು ಹೊಸದಲ್ಲ. ಅವರೂ ಹೆಂಚಿನ ಮೇಲಿನ ಅಚ್ಚನ್ನೇ ಮೊದಲು ನೋಡುವುದು. ಅಲ್ಲೊಂದು ಎಚ್ಚರವೂ ಬೇಕು. ಬಾಸೆಲ್ ಮಿಷನ್ ಹೆಂಚಿನ ಮೇಲೆ 1865 ಅಂತ ಕಂಡರೆ ಅದು ಕಾರ್ಖಾನೆ ಶುರುವಾದ ವರ್ಷ. ಆ ಹೆಂಚು ಅದೇ ವರ್ಷ ಸುಟ್ಟದ್ದು ಅಂತ ಅರ್ಥವಲ್ಲ.

ತಟ್ಟೆಯ ಬೆನ್ನಿಗೂ ಇದೇ ನಿಯಮ. ಮುದ್ರೆಯಲ್ಲಿ ‘ಸ್ಥಾಪನೆ’ ಅಂತ ಕಾಣುವ ಇಸವಿಯನ್ನು ತಟ್ಟೆಯ ವಯಸ್ಸೆಂದು ಓದಬಾರದು. ನಂಬಬಹುದಾದ ಸುಳಿವುಗಳು ಬೇರೆ ಇವೆ. ಅಮೆರಿಕದ 1890ರ ಮೆಕಿನ್ಲಿ ಸುಂಕ ಕಾಯ್ದೆ, ಆ ದೇಶಕ್ಕೆ ಬರುವ ಮಾಲಿನ ಮೇಲೆ ಮೂಲದೇಶದ ಹೆಸರು ಇರಲೇಬೇಕೆಂದು ಹೇಳಿತು. ಹಾಗಾಗಿ ‘ನಿಪ್ಪಾನ್’ ಎಂದಿರುವ ಜಪಾನಿ ಮಾಲು 1891ರಿಂದ 1921ರ ನಡುವಿನದ್ದು, ಆಮೇಲಿನದಕ್ಕೆ ‘ಜಪಾನ್’ ಅಂತ ಬಂತು. ‘ಆಕ್ಯುಪೈಡ್ ಜಪಾನ್’ ಎಂದಿದ್ದರೆ ಎರಡನೇ ಮಹಾಯುದ್ಧದ ನಂತರ, 1952ರೊಳಗಿನದ್ದು. ಹೋಮರ್ ಲಾಫ್ಲಿನ್ನಿನ ಅನೇಕ ಮಾಲಿನ ಮೇಲೆ ತಿಂಗಳಿಗೆ ಒಂದು ಅಕ್ಷರ, ವರ್ಷಕ್ಕೆ ಎರಡು ಅಂಕೆ, ಕಾರ್ಖಾನೆಗೆ ಇನ್ನೊಂದು ಗುರುತು ಇರುತ್ತದೆ. ಗೊತ್ತಿದ್ದವರಿಗೆ ಅದು ಜನನ ಪ್ರಮಾಣಪತ್ರ.

ಈ ವಯಸ್ಸು ಬೆಲೆಗೆ ಮಾತ್ರ ಮುಖ್ಯ ಅಂದುಕೊಳ್ಳಬೇಡಿ. ಆರೋಗ್ಯಕ್ಕೂ ಮುಖ್ಯ. ತಟ್ಟೆಯಿಂದ ಹೊರಬರುವ ಸೀಸಕ್ಕೆ ಅಮೆರಿಕದ ಎಫ್‌ಡಿಎ ಮಿತಿ ಹಾಕಿದ್ದೇ 1970ರ ದಶಕದಲ್ಲಿ. ಆ ಮಿತಿಯನ್ನು 1990ರ ದಶಕದ ಆರಂಭದಲ್ಲಿ ಬಿಗಿಗೊಳಿಸಿತು. ಅಂದರೆ 1936ರ ಫಿಯೆಸ್ಟಾ, 1939ರ ಅಮೆರಿಕನ್ ಮಾಡರ್ನ್, 1941ರ ಫ್ರಾನ್ಸಿಸ್ಕನ್ ಡೆಸರ್ಟ್ ರೋಸ್, ಇವೆಲ್ಲ ಯಾವ ಮಿತಿಯೂ ಇಲ್ಲದ ಕಾಲದಲ್ಲಿ ಹುಟ್ಟಿದವು.

ಕೆಂಪು ತಟ್ಟೆ ಮತ್ತು ಅಣುಬಾಂಬು

ಹಳೆಯ ಫಿಯೆಸ್ಟಾದ ಕೆಂಪು ಬಣ್ಣ, ನೋಡಲು ನಮ್ಮ ಕಿತ್ತಳೆ ಹಣ್ಣಿನ ಹಾಗೆ, ಯುರೇನಿಯಂ ಆಕ್ಸೈಡಿನಿಂದ ಬಂದದ್ದು. ಹೌದು, ಅದೇ ಯುರೇನಿಯಂ. 1943ರಲ್ಲಿ ಅಣುಬಾಂಬಿನ ಯೋಜನೆಗಾಗಿ ಅಮೆರಿಕ ಸರ್ಕಾರ ಯುರೇನಿಯಮ್ಮನ್ನು ತನ್ನ ವಶಕ್ಕೆ ತೆಗೆದುಕೊಂಡಾಗ ಕೆಂಪು ತಟ್ಟೆ ನಿಂತಿತು. 1959ರಲ್ಲಿ ಮತ್ತೆ ಬಂತು, ಈ ಸಲ ಸತ್ವ ತೆಗೆದ ಯುರೇನಿಯಂ ಬಳಸಿ. 1970ರ ದಶಕದ ಆರಂಭದಲ್ಲಿ ಪೂರ್ತಿ ನಿಂತಿತು. 1986ರಲ್ಲಿ ಫಿಯೆಸ್ಟಾ ಹೊಸ ರೂಪದಲ್ಲಿ, ಸೀಸವಿಲ್ಲದ ಗ್ಲೇಜಿನೊಂದಿಗೆ ಮರುಹುಟ್ಟು ಪಡೆಯಿತು. ಅಂಗಡಿಯಲ್ಲಿ ಈಗ ಸಿಗುವುದು ಅದು.

ಗೈಗರ್ ಯಂತ್ರವನ್ನು ಹಳೆಯ ಕೆಂಪು ತಟ್ಟೆಯ ಹತ್ತಿರ ಹಿಡಿದರೆ ಟಿಕ್ ಟಿಕ್ ಅನ್ನುತ್ತದೆ. ಜನ ಇದಕ್ಕೇ ಹೆದರುತ್ತಾರೆ. ಕಪಾಟಿನಲ್ಲಿಟ್ಟ ತಟ್ಟೆಯಿಂದ ಆಗುವ ವಿಕಿರಣದ ಅಪಾಯ ತೀರಾ ಸಣ್ಣದು. ಅದರಲ್ಲಿ ಉಣ್ಣುವುದು, ಕುಡಿಯುವುದು ಮಾತ್ರ ಬೇಡ ಅಂತ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯೇ ಹೇಳುತ್ತದೆ. ನನ್ನ ಪ್ರಕಾರ ಕೆಂಪು ತಟ್ಟೆ ದೊಡ್ಡ ಸಮಸ್ಯೆಯೇ ಅಲ್ಲ, ಯಾಕೆಂದರೆ ಯುರೇನಿಯಂ ಅಂದ ಕೂಡಲೇ ಎಲ್ಲರೂ ದೂರ ಇಡುತ್ತಾರೆ. ಹಳದಿ, ಹಸಿರು, ಹೂವಿನ ಚಿತ್ತಾರದ್ದನ್ನು ಯಾರೂ ಅನುಮಾನಿಸುವುದಿಲ್ಲ ನೋಡಿ, ಅಪಾಯ ಇರುವುದು ಅಲ್ಲಿ.

ಸೀಸ ಯಾಕೆ ಬಂತು, ಹುಳಿ ಏನು ಮಾಡುತ್ತದೆ

ಗ್ಲೇಜು ಅಂದರೆ ಮಣ್ಣಿನ ಮೇಲೆ ಕರಗಿಸಿ ಕೂರಿಸಿದ ತೆಳು ಗಾಜು. ಗಾಜಿನ ಮುಖ್ಯ ಪದಾರ್ಥವಾದ ಸಿಲಿಕಾ ಕರಗಲು ಸುಮಾರು 1700 ಡಿಗ್ರಿ ಬೇಕು. ಅಷ್ಟು ಬಿಸಿ ಮಾಡುವುದು ದುಬಾರಿ, ಅಷ್ಟು ಹೊತ್ತಿಗೆ ತಟ್ಟೆಯೇ ಹಾಳಾಗಿರುತ್ತದೆ. ಹಾಗಾಗಿ ಬೇಗ ಕರಗಿಸುವ ಏನನ್ನಾದರೂ ಸೇರಿಸಬೇಕು. ಸೀಸದ ಆಕ್ಸೈಡು 888 ಡಿಗ್ರಿಗೇ ಕರಗುತ್ತದೆ. ಅದನ್ನು ಸೇರಿಸಿದರೆ ಗ್ಲೇಜು ನುಣುಪಾಗಿ ಹರಡುತ್ತದೆ, ಸಣ್ಣಪುಟ್ಟ ತೂತು ತಾನೇ ಮುಚ್ಚಿಕೊಳ್ಳುತ್ತದೆ, ಬಣ್ಣ ಎದ್ದು ಕಾಣುತ್ತದೆ. ಕುಂಬಾರನಿಗೆ ಇದಕ್ಕಿಂತ ಸುಲಭದ ಮಿತ್ರ ಬೇರೆ ಇರಲಿಲ್ಲ. ಕೆಂಪು, ಕಿತ್ತಳೆ, ಹಳದಿ ಬಣ್ಣಗಳಿಗೆ ಕೆಲವೊಮ್ಮೆ ಕ್ಯಾಡ್ಮಿಯಂ ಕೂಡ ಸೇರುತ್ತಿತ್ತು.

ಚೆನ್ನಾಗಿ ಸುಟ್ಟ ಗ್ಲೇಜಿನಲ್ಲಿ ಸೀಸ ಗಾಜಿನೊಳಗೆ ಬಂಧಿಯಾಗಿರುತ್ತದೆ. ಸುಟ್ಟದ್ದು ಕಮ್ಮಿಯಾದರೆ, ಹಸಿರಿಗಾಗಿ ತಾಮ್ರ ಬೆರೆಸಿದ್ದರೆ, ವರ್ಷಗಟ್ಟಲೆ ಉಜ್ಜಿ ಮೇಲ್ಮೈ ಸವೆದಿದ್ದರೆ, ಜೇಡರ ಬಲೆಯಂಥ ಸಣ್ಣ ಬಿರುಕು ಎದ್ದಿದ್ದರೆ ಬಂಧ ಸಡಿಲವಾಗುತ್ತದೆ. ಗ್ಲೇಜಿನ ಮೇಲೆ ಅಂಟಿಸಿ ಕಡಿಮೆ ಬಿಸಿಯಲ್ಲಿ ಸುಟ್ಟ ಹೂವಿನ ಚಿತ್ತಾರ ಇನ್ನೂ ದುರ್ಬಲ, ಅದು ನೇರವಾಗಿ ಅನ್ನಕ್ಕೆ ತಾಗುತ್ತದೆ. ಬೆರಳಾಡಿಸಿ ನೋಡಿ. ಹೂವು ಉಬ್ಬಿದಂತೆ ಸಿಕ್ಕರೆ ಅದು ಗ್ಲೇಜಿನ ಮೇಲಿನ ಚಿತ್ತಾರ. ನುಣುಪಾಗಿದ್ದು, ಗಾಜಿನಡಿ ಕಂಡಂತಿದ್ದರೆ ಒಳಗಿನದ್ದು. ಕೊರೆಲ್‌ನ ವಿಷಯದಲ್ಲೂ ಪ್ರಶ್ನೆ ಇರುವುದು ಬಿಳಿ ಗಾಜಿನ ಬಗ್ಗೆ ಅಲ್ಲ, ಬಣ್ಣದ ಚಿತ್ತಾರದ ಬಗ್ಗೆ. 2005ಕ್ಕೆ ಮುಂಚಿನ ತಟ್ಟೆಗಳನ್ನು ಅಲಂಕಾರಕ್ಕೆ ಇಟ್ಟುಕೊಳ್ಳುವುದು ಒಳ್ಳೆಯದು ಅಂತ ಆ ಬ್ರಾಂಡೇ ಗ್ರಾಹಕರಿಗೆ ಸಲಹೆ ಕೊಟ್ಟಿದೆ.

ಇನ್ನು ಹುಳಿ. ಪ್ರಯೋಗಾಲಯದಲ್ಲಿ ತಟ್ಟೆಯನ್ನು ಪರೀಕ್ಷಿಸುವ ಅಂತಾರಾಷ್ಟ್ರೀಯ ಕ್ರಮ ಏನು ಗೊತ್ತಾ? ಅದರಲ್ಲಿ ಶೇ. 4ರ ಅಸಿಟಿಕ್ ಆಮ್ಲ ತುಂಬಿ, ಕೋಣೆಯ ಉಷ್ಣತೆಯಲ್ಲಿ 24 ಗಂಟೆ ಇಟ್ಟು, ಆಮ್ಲಕ್ಕೆ ಎಷ್ಟು ಸೀಸ ಇಳಿಯಿತು ಅಂತ ಅಳೆಯುವುದು. ಶೇ. 4ರ ಅಸಿಟಿಕ್ ಆಮ್ಲ ಅಂದರೆ ಹೆಚ್ಚುಕಮ್ಮಿ ನಮ್ಮ ಅಡುಗೆಮನೆಯ ವಿನೆಗರ್. ಹಂದಿ ಬಫಾತಿಗೆ ಹಾಕುವ ಅದೇ ವಿನೆಗರ್. ಸಾರಿಗೆ ಹುಣಸೆ, ಶರಬತ್ತಿಗೆ ಪುನರ್ಪುಳಿ, ಮೀನಿಗೆ ಬಿಂಬುಳಿ, ಚಟ್ನಿಗೆ ಅಂಬಟೆ, ವರ್ಷವಿಡೀ ಮಿಡಿ ಉಪ್ಪಿನಕಾಯಿ. ಪ್ರಯೋಗಾಲಯದ ಪರೀಕ್ಷೆಯನ್ನು ನಾವು ದಿನಾ ಮನೆಯಲ್ಲೇ ನಡೆಸುತ್ತಿದ್ದೇವೆ, ಫಲಿತಾಂಶವನ್ನು ಮಾತ್ರ ಯಾರೂ ಬರೆದಿಡುವುದಿಲ್ಲ.

ಎಫ್‌ಡಿಎ ಮಿತಿಗಳನ್ನು ನೋಡಿದರೆ ಯಾವ ಪಾತ್ರೆಗೆ ಹೆಚ್ಚು ಎಚ್ಚರ ಬೇಕು ಅನ್ನುವುದೂ ತಿಳಿಯುತ್ತದೆ. ಹೊರಬರುವ ಸೀಸ ಮಿಲಿಲೀಟರಿಗೆ ಚಪ್ಪಟೆ ತಟ್ಟೆಗೆ 3 ಮೈಕ್ರೋಗ್ರಾಂ, ಸಣ್ಣ ಬಟ್ಟಲಿಗೆ 2, ದೊಡ್ಡ ಬಟ್ಟಲಿಗೆ 1, ಕಪ್ಪಿಗೂ ಹೂಜಿಗೂ ಬರೇ 0.5. ಕಾರಣ ಸರಳ. ತಟ್ಟೆಯಲ್ಲಿ ಊಟ ಹತ್ತು ನಿಮಿಷ ಇರುತ್ತದೆ, ಹೂಜಿಯಲ್ಲಿ ಹುಳಿ ಶರಬತ್ತು ರಾತ್ರಿಯಿಡೀ ಕೂರುತ್ತದೆ. ಹೊತ್ತು, ಬಿಸಿ, ಹುಳಿ ಮೂರೂ ಕೂಡಿದರೆ ಸೀಸ ಹೆಚ್ಚು ಇಳಿಯುತ್ತದೆ.

‘ಅಜ್ಜಿ ಅದರಲ್ಲೇ ಉಂಡಿದ್ದರಲ್ಲ?’

ಈ ಪ್ರಶ್ನೆ ಪ್ರತಿಸಲ ಬರುತ್ತದೆ. ಅಜ್ಜಿ ತೊಂಬತ್ತು ವರ್ಷ ಗಟ್ಟಿಯಾಗಿ ಬಾಳಿದರು, ಸರಿ. ಆದರೆ ಅಜ್ಜಿ ಆ ತಟ್ಟೆಯನ್ನು ಹಬ್ಬಕ್ಕೆ, ರೋಸಿಗೆ, ಮದುವೆ ಮಾತುಕತೆಗೆ ತೆಗೆದವರು. ದಿನದ ಊಟ ಬಾಳೆಎಲೆಯಲ್ಲೋ ಸ್ಟೀಲಿನಲ್ಲೋ ಇತ್ತು, ಮೀನು ಗಸಿ ಕುದಿದದ್ದು ಗ್ಲೇಜೇ ಇಲ್ಲದ ಮಣ್ಣಿನ ಬಿಸಲೆಯಲ್ಲಿ.

ಇನ್ನೊಂದು ವಿಷಯ: ಸೀಸ ಹಾವಿನ ವಿಷದ ಹಾಗೆ ಕಚ್ಚಿ ಕೊಲ್ಲುವುದಿಲ್ಲ. ದೇಹ ಅದನ್ನು ಕ್ಯಾಲ್ಸಿಯಂ ಅಂತ ತಪ್ಪು ತಿಳಿದು ಮೂಳೆಯಲ್ಲಿ ಕೂಡಿಡುತ್ತದೆ. ಗರ್ಭಿಣಿಯಾದಾಗ ಮೂಳೆಯಿಂದ ಮತ್ತೆ ರಕ್ತಕ್ಕೆ ಇಳಿದು ಮಗುವಿಗೂ ತಲುಪುತ್ತದೆ. ನುಂಗಿದ ಸೀಸದಲ್ಲಿ ದೊಡ್ಡವರಿಗಿಂತ ನಾಲ್ಕೈದು ಪಟ್ಟು ಹೆಚ್ಚನ್ನು ಮಕ್ಕಳ ದೇಹ ಹೀರಿಕೊಳ್ಳುತ್ತದೆ. ಹೊರಗೆ ಏನೂ ಕಾಣದು. ಮಗು ಕಲಿಕೆಯಲ್ಲಿ ಸ್ವಲ್ಪ ಹಿಂದೆ, ಗಮನ ಸ್ವಲ್ಪ ಕಮ್ಮಿ ಅಷ್ಟೇ, ಅದನ್ನು ತಟ್ಟೆಗೆ ಯಾರು ಜೋಡಿಸುತ್ತಾರೆ? ಇಷ್ಟರವರೆಗೆ ಸೀಸ ಸುರಕ್ಷಿತ ಅನ್ನುವ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಯುನಿಸೆಫ್ ಮತ್ತು ಪ್ಯೂರ್ ಅರ್ತ್ ಸಂಸ್ಥೆಗಳ 2020ರ ವರದಿ ಪ್ರಕಾರ ಜಗತ್ತಿನ ಮೂವರು ಮಕ್ಕಳಲ್ಲಿ ಒಬ್ಬರ ರಕ್ತದಲ್ಲಿ ಸೀಸ ಡೆಸಿಲೀಟರಿಗೆ 5 ಮೈಕ್ರೋಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದೆ. ಇವರಲ್ಲಿ ದೊಡ್ಡ ಪಾಲು ಭಾರತದ ಮಕ್ಕಳು. ಅದರಲ್ಲಿ ಹಳೆ ಬ್ಯಾಟರಿ, ಪೇಂಟು, ಕಲಬೆರಕೆ ಅರಿಸಿನ ಪುಡಿ ಎಲ್ಲವೂ ಸೇರಿವೆ. ಹಳೆಯ ತಟ್ಟೆಯ ಪಾಲು ಸಣ್ಣದಿರಬಹುದು. ಆದರೆ ನಾವೇ ಇವತ್ತೇ ನಿಲ್ಲಿಸಬಹುದಾದದ್ದು ಅದೊಂದು.

ಹಾಗಾದರೆ ಏನು ಮಾಡೋದು

ಕಪಾಟನ್ನು ಎರಡು ಭಾಗ ಮಾಡಿ. ನಾನು ಮಾಡಿರುವುದು ಹೀಗೆ:

ಮೇಲಿನ ಅರೆ ನೋಡಲಿಕ್ಕೆ. ಹಳೆಯ ಫಿಯೆಸ್ಟಾ ಎಲ್ಲ ಬಣ್ಣದ್ದೂ, ಗ್ಲೇಜಿನ ಮೇಲೆ ಉಬ್ಬಿದ ಹೂವಿರುವವು, ಬಿರುಕುಬಲೆ ಎದ್ದವು, ಅಂಚು ಚಕ್ಕೆ ಹೋದವು, ಮುದ್ರೆಯೇ ಇಲ್ಲದವು.

ನಡುವಿನ ಅರೆ ಅಪರೂಪಕ್ಕೆ. ಬಿಸ್ಕತ್ತು, ಚಕ್ಕುಲಿ, ಗೋಳಿಬಜೆಯಂಥ ಒಣ ತಿಂಡಿಗೆ ಮಾತ್ರ. ಅದಕ್ಕೂ ಚಿತ್ತಾರ ಅಂಚಿನಲ್ಲಷ್ಟೇ ಇರುವಂಥವು. ಇವುಗಳಲ್ಲಿ ಬಿಸಿ ಸಾರು, ಉಪ್ಪಿನಕಾಯಿ ಬೇಡ, ಮೈಕ್ರೋವೇವ್ ಬೇಡವೇ ಬೇಡ.

ಕೆಳಗಿನ ಅರೆ ದಿನದ ಊಟಕ್ಕೆ. ಹೊಸ ಕಾಲದ, ಸೀಸವಿಲ್ಲವೆಂದು ತಯಾರಕರು ಸ್ಪಷ್ಟವಾಗಿ ಹೇಳಿರುವ ತಟ್ಟೆಗಳು. ಚಿತ್ತಾರವಿಲ್ಲದ ಬಿಳಿ ಗಾಜಿನವು. ಒಳಮೈ ಬಿಳಿಯಾಗಿದ್ದು ಹೂವು ಹೊರಗಷ್ಟೇ ಇರುವ ಕಾರ್ನಿಂಗ್‌ವೇರ್.

ಮಕ್ಕಳ ಹಾಲಿನ ಕಪ್ಪು, ಶರಬತ್ತಿನ ಹೂಜಿ, ಉಪ್ಪಿನಕಾಯಿ ಬಟ್ಟಲು, ಈ ಮೂರು ಮಾತ್ರ ಹಳೆಯದ್ದು ಬೇಡ. ಇದರಲ್ಲಿ ರಾಜಿ ಇಲ್ಲ. ಉಪ್ಪಿನಕಾಯಿಯ ಹಳೆ ಭರಣಿ, ಅಂದರೆ ಮೇಲೆ ಕಂದು ಕೆಳಗೆ ಬಿಳಿ ಇರುವ ದಪ್ಪ ಜಾಡಿಯ ಗತಿ ಏನು ಅಂತ ಕೇಳಬಹುದು. ಅವು ಸಾಮಾನ್ಯವಾಗಿ 1200 ಡಿಗ್ರಿಯ ಆಸುಪಾಸಿನಲ್ಲಿ ಸುಟ್ಟ ಗಟ್ಟಿ ಮಣ್ಣಿನವು, ಆ ಬಿಸಿಯ ಗ್ಲೇಜಿಗೆ ಸೀಸದ ಅಗತ್ಯವಿಲ್ಲ. ಒಳಗೆ ಬಿರುಕಿಲ್ಲದಿದ್ದರೆ ಅಷ್ಟು ಭಯ ಬೇಡ. ಗಾಢ ಬಣ್ಣ ಬಳಿದ ಹೊಸ ಅಲಂಕಾರದ ಜಾಡಿಯನ್ನೇ ಹೆಚ್ಚು ಅನುಮಾನಿಸಬೇಕು.

ಬಣ್ಣ ಬದಲಾಗುವ ಮನೆಪರೀಕ್ಷೆಯ ಕಡ್ಡಿಗಳು ಸಿಗುತ್ತವೆ. ಕೆಂಪಾದರೆ ಸೀಸ ಇದೆ ಅಂತ ಸೂಚನೆ, ಕೆಂಪಾಗದಿದ್ದರೆ ಇಲ್ಲ ಅಂತ ಖಾತ್ರಿಯಲ್ಲ. ಎಕ್ಸ್‌ಆರ್‌ಎಫ್ ಯಂತ್ರ ಒಟ್ಟು ಎಷ್ಟು ಸೀಸ ಇದೆ ಅಂತ ಹೇಳುತ್ತದೆ, ಎಷ್ಟು ಅನ್ನಕ್ಕೆ ಇಳಿಯುತ್ತದೆ ಅಂತ ಹೇಳುವುದಿಲ್ಲ. ಅದಕ್ಕೆ ಆಮ್ಲದ ಪರೀಕ್ಷೆಯೇ ಬೇಕು. ಎರಡನ್ನೂ ಒಂದೇ ಎಂದು ಬೆರೆಸಿ ವಾಟ್ಸಾಪಿನಲ್ಲಿ ಹೆದರಿಸುವವರೂ ಇದ್ದಾರೆ, ‘ಏನಾಗಲ್ಲ ಬಿಡಿ’ ಅನ್ನುವವರೂ ಇದ್ದಾರೆ. ಇಬ್ಬರನ್ನೂ ನಂಬಬೇಡಿ.

ಭಾರತ ಈ ದಾರಿಯಲ್ಲಿ ನಡೆದೇ ಇಲ್ಲ ಅಂತಲ್ಲ. 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ ಮೀರಬಾರದೆಂಬ ನಿಯಮ 2017ರಲ್ಲಿ ಜಾರಿಗೆ ಬಂತು. ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಅವರು ಸೀಸದ ವಿಷಬಾಧೆಗೆಂದೇ ರಾಷ್ಟ್ರೀಯ ರೆಫರಲ್ ಕೇಂದ್ರ ಕಟ್ಟಿದರು. ಪಿಂಗಾಣಿಯಿಂದ ಇಳಿಯುವ ವಿಷವಸ್ತುಗಳಿಗೆ ಐಎಸ್ 9806 ಎಂಬ ಮಾನಕವೂ ಇದೆ. ಆದರೆ ಮಾನಕ ನೋಡುವುದು ಕಾರ್ಖಾನೆಯಿಂದ ಬರುವ ಹೊಸ ಮಾಲನ್ನು. ಗುಜರಿಯಲ್ಲಿ, ಆನ್‌ಲೈನಿನಲ್ಲಿ, ಅಜ್ಜಿಯ ಕಪಾಟಿನಲ್ಲಿ ಕೈಬದಲಾಗುವ ಹಳೆಯ ತಟ್ಟೆಯನ್ನು ಕೇಳುವವರಿಲ್ಲ.

ಇದಕ್ಕೆ ದೊಡ್ಡ ಕಾನೂನು ಬೇಕಿಲ್ಲ. ಮಂಗಳೂರಿನಲ್ಲಿ ಇಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳಿಗೆ ಬರಗಾಲವಿಲ್ಲ. ತಿಂಗಳಿಗೊಂದು ದಿನ, ಸಣ್ಣ ಶುಲ್ಕಕ್ಕೆ, ಜನ ತರುವ ಹಳೆಯ ತಟ್ಟೆ ಕಪ್ಪುಗಳನ್ನು ಪರೀಕ್ಷಿಸಿ ಕೊಡುವ ವ್ಯವಸ್ಥೆಯನ್ನು ಯಾವುದಾದರೂ ಒಂದು ಕಾಲೇಜು ಮಾಡಬಹುದು. ವಿದ್ಯಾರ್ಥಿಗಳಿಗೆ ಪ್ರಾಯೋಗಿಕ ಪಾಠ, ಊರಿಗೆ ಮಾಹಿತಿ. ಹಳೆಯ ತಟ್ಟೆ ಮಾರುವ ನಮ್ಮಂಥವರು ‘ಅಲಂಕಾರಕ್ಕೆ ಮಾತ್ರ’ ಅಂತ ಒಂದು ಚೀಟಿ ಅಂಟಿಸಿ ಕೊಡಬಹುದು. ಹಳೆಯ ತಟ್ಟೆಯಲ್ಲಿ ಬಡಿಸುವ ಕೆಫೆಯವರನ್ನು ‘ಇದು ಯಾವ ಕಾಲದ್ದು?’ ಅಂತ ಗ್ರಾಹಕರು ಕೇಳಬಹುದು.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ಕೆಲಸ ಒಂದೇ. ಇವತ್ತು ಊಟಕ್ಕೆ ಕೂರುವ ಮುಂಚೆ ತಟ್ಟೆಯನ್ನು ಒಮ್ಮೆ ಮಗುಚಿ, ಅದರ ಬೆನ್ನು ಓದಿ. ಬರೆದದ್ದು ಅರ್ಥವಾಗದಿದ್ದರೆ ಅದನ್ನು ಮೇಲಿನ ಅರೆಗೆ ಇಡಿ. ಅಲ್ಲೂ ಅದು ಚಂದವೇ ಕಾಣುತ್ತದೆ.